ಅಜ್ಜಿಯ ಮಕರ ಸಂಕ್ರಮಣ, ಪುಸ್ತಕದ ಡಿಸೆಂಬರ್ 22

ಪ್ರಶ್ನೆ: ಮಾಷ್ಟ್ರೇ, ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಮಗಳು ಹತ್ತನೆಯ ತರಗತಿ, ಕನ್ನಡ ಮಾಧ್ಯಮ. ಲೆಕ್ಕದಲ್ಲಿ ಎ, ವಿಜ್ಞಾನದಲ್ಲಿ ಎ ಪ್ಲಸ್. ಸಮಾಜ ವಿಜ್ಞಾನ ಮಾತ್ರ ಓಣಂ ಪರೀಕ್ಷೆಯಲ್ಲೂ ಕ್ರಿಸ್ಮಸ್ ಪರೀಕ್ಷೆಯಲ್ಲೂ ಸಿ ಪ್ಲಸ್. ಇತಿಹಾಸ ಹೇಗೋ ಬರೆಯುತ್ತಾಳೆ. ಭೂಗೋಳ ಅಂದರೆ ಕೈ ನಡುಗುತ್ತದಂತೆ. ರಾತ್ರಿ ಹನ್ನೊಂದರವರೆಗೆ ಬಾಯಿಪಾಠ ಮಾಡುತ್ತಾಳೆ, ಬೆಳಿಗ್ಗೆ ಕೇಳಿದರೆ ಅರ್ಧ ಮರೆತಿರುತ್ತಾಳೆ. ಶಾಲೆಯಲ್ಲಿ ಪಾಠ ಮಾಡುವವರು ಮಲಯಾಳಂನವರು. ಒಳ್ಳೆಯವರೇ, ಆದರೆ ಕನ್ನಡ ಕಡಿಮೆ. ಟ್ಯೂಶನ್ ನೋಟ್ಸ್ ಇಂಗ್ಲಿಷಿನಲ್ಲಿ. ಪುತ್ತೂರಿನ ಅಕ್ಕನ ಮಗ ಕರ್ನಾಟಕದ ಪಾಸಿಂಗ್ ಪ್ಯಾಕೇಜ್ ಕಳುಹಿಸಿದ್ದಾನೆ. ಅದನ್ನು ಓದಿಸಲಾ? ನಕ್ಷೆಗೆ ಇಷ್ಟು ಕಲಿತರೆ ಸಾಕು ಅಂತ ಪಟ್ಟಿ ಏನಾದರೂ ಇದೆಯಾ? ಇಂಗ್ಲಿಷಿನಲ್ಲಿ ಬರೆದರೆ ಮಾರ್ಕ್ ಜಾಸ್ತಿ ಅಂತ ಪಕ್ಕದ ಮನೆಯವರು ಹೇಳುತ್ತಾರೆ. ನಮ್ಮ ಮನೆಯವರು, ಭೂಗೋಳ ಬಿಟ್ಟುಬಿಡಲಿ, ಬಾಕಿಯದ್ದರಲ್ಲಿ ತೆಗೆಯಲಿ ಅನ್ನುತ್ತಾರೆ. ಇವಳಿಗೆ ನೆನಪಿನ ಶಕ್ತಿಯೇ ಕಡಿಮೆಯಾ? ಇನ್ನು ಎರಡು ತಿಂಗಳು ಇದೆ. ಕ್ರಿಸ್ಮಸ್ ಪರೀಕ್ಷೆಯ ಉತ್ತರ ಪತ್ರಿಕೆಯ ಫೋಟೋ ಕಳುಹಿಸಿದ್ದೇನೆ.

ಉತ್ತರ: ಫೋಟೋ ಕಳುಹಿಸಿದ್ದು ಒಳ್ಳೆಯದಾಯಿತು. ಹೆಚ್ಚಿನವರು ಗ್ರೇಡ್ ಮಾತ್ರ ಹೇಳುತ್ತಾರೆ, ಪೇಪರ್ ತೋರಿಸುವುದಿಲ್ಲ. ನಾನು ಎರಡು ಸಲ ಓದಿದೆ. ನಿಮ್ಮ ಭಯ ಒಂದು ಕಡೆ, ಪೇಪರ್ ಹೇಳುವ ಕಥೆ ಇನ್ನೊಂದು ಕಡೆ.

ಮೊದಲು ನೆನಪಿನ ಶಕ್ತಿಯ ವಿಷಯ. ಐದನೆಯ ಪ್ರಶ್ನೆ ನೋಡಿ. 'ವಾಯುಗುಣ ಎಂದರೇನು' ಎಂದು ಕೇಳಿದ್ದಾರೆ. ಅವಳು ಹವಾಮಾನದ ವ್ಯಾಖ್ಯೆಯನ್ನು ಒಂದಕ್ಷರ ತಪ್ಪದೆ ಬರೆದಿದ್ದಾಳೆ. ನೆನಪಿನ ಶಕ್ತಿ ಇಲ್ಲದವರಿಗೆ ಹೀಗೆ ತಪ್ಪು ಮಾಡಲಿಕ್ಕೆ ಬರುವುದಿಲ್ಲ! ಅವಳಿಗೆ ಮಾತು ನೆನಪಿದೆ. ಯಾವ ಮಾತು ಯಾವ ವಸ್ತುವಿನದ್ದು ಎಂಬುದು ಮಾತ್ರ ಕಲಸಿಹೋಗಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಲ್ಲಿ ನಾನು ಮೂವತ್ತು ವರ್ಷ ಕಂಡ ತೊಂದರೆ ಇದೇ.

ಅವಳ ಒಂದು ದಿನವನ್ನು ಯೋಚಿಸಿ. ಬೆಳಿಗ್ಗೆ ಮಾಷ್ಟ್ರು 'ಕಾಲಾವಸ್ಥ' ಅನ್ನುತ್ತಾರೆ. ಮಲಯಾಳಂನಲ್ಲಿ ಅದು ವಾಯುಗುಣ. ನಮ್ಮ ಕಿವಿಗೆ ಅದು 'ಎಂಥಾ ಅವಸ್ಥೆ ಮಾರಾಯ್ರೆ' ಅಂದ ಹಾಗೆ ಕೇಳುತ್ತದೆ. ಮಧ್ಯಾಹ್ನ ಪುಸ್ತಕದಲ್ಲಿ 'ವಾಯುಗುಣ' ಓದುತ್ತಾಳೆ. ಸಂಜೆ ಟ್ಯೂಶನ್ನಿನಲ್ಲಿ 'ಕ್ಲೈಮೇಟ್'. ರಾತ್ರಿ ಮಂಗಳೂರಿನ ವಾರ್ತೆಯಲ್ಲಿ 'ಹವಾಮಾನ ಬದಲಾವಣೆ' ಅನ್ನುತ್ತಾರೆ, ಅಲ್ಲಿ ಹವಾಮಾನ ಎಂದರೆ ಕ್ಲೈಮೇಟ್! ಒಂದು ವಸ್ತುವಿಗೆ ನಾಲ್ಕು ಹೆಸರು. ಅದರಲ್ಲಿ ಒಂದು ಹೆಸರು ಬೇರೆ ವಸ್ತುವಿನದ್ದೂ ಹೌದು. ದೊಡ್ಡವರಿಗೇ ತಲೆ ಕೆಡುತ್ತದೆ, ಅಲ್ವಾ? ಪಾಠದ ಮಟ್ಟಿಗೆ ವ್ಯತ್ಯಾಸ ಇಷ್ಟೇ. ಇವತ್ತು ಬದಿಯಡ್ಕದಲ್ಲಿ ಮೋಡ ಇದೆ ಎಂಬುದು ಹವಾಮಾನ. ಬದಿಯಡ್ಕದಲ್ಲಿ ಜೂನ್ ತಿಂಗಳಿನಲ್ಲಿ ಮಳೆ ಬರುತ್ತದೆ ಎಂಬುದು ವಾಯುಗುಣ. ಮೊದಲನೆಯದು ದಿನದ ಮಾತು, ಎರಡನೆಯದು ತುಂಬ ವರ್ಷ ನೋಡಿ ಹೇಳುವ ಮಾತು.

ಇನ್ನೊಂದು ತಪ್ಪು ನೋಡಿ ನನಗೆ ನಗು ಬಂತು, ಸ್ವಲ್ಪ ಬೇಜಾರೂ ಆಯಿತು. ಉತ್ತರಾಯಣ ಯಾವಾಗ ಶುರು ಎಂಬ ಪ್ರಶ್ನೆಗೆ 'ಜನವರಿ 14' ಎಂದು ಬರೆದಿದ್ದಾಳೆ. ಮನೆಯಲ್ಲಿ ಅಜ್ಜಿ ಇದ್ದಾರೆ ಎಂದು ಅಲ್ಲೇ ಗೊತ್ತಾಯಿತು. ಪಂಚಾಂಗದ ಲೆಕ್ಕದಲ್ಲಿ ಅವಳು ಬರೆದದ್ದು ಸರಿ. ಭೂಗೋಳದ ಲೆಕ್ಕ ಬೇರೆ. ಡಿಸೆಂಬರ್ 22ರಂದು ಸೂರ್ಯ ಮಕರ ಸಂಕ್ರಾಂತಿ ವೃತ್ತದ ನೇರ ಮೇಲೆ ಇರುತ್ತಾನೆ. ಮಾರನೆಯ ದಿನದಿಂದ ಉತ್ತರಕ್ಕೆ ಸರಿಯುತ್ತಾ ಬಂದ ಹಾಗೆ ಕಾಣುತ್ತಾನೆ. ಜೂನ್ 21ಕ್ಕೆ ಕರ್ಕಾಟಕ ಸಂಕ್ರಾಂತಿ ವೃತ್ತ ಮುಟ್ಟುತ್ತಾನೆ. ಆ ಆರು ತಿಂಗಳು ಉತ್ತರಾಯಣ. ನಮ್ಮ ಪಂಚಾಂಗ ನಕ್ಷತ್ರಗಳನ್ನು ಹಿಡಿದು ನಡೆಯುತ್ತದೆ. ಭೂಮಿಯ ಅಕ್ಷವೋ ಬುಗುರಿಯ ಹಾಗೆ ಬಹಳ ನಿಧಾನವಾಗಿ ತೊನೆಯುತ್ತದೆ. ಹಾಗಾಗಿ ಸಾವಿರಕ್ಕೂ ಹೆಚ್ಚು ವರ್ಷಗಳಲ್ಲಿ ಎರಡರ ನಡುವೆ ಮೂರು ವಾರಕ್ಕಿಂತ ಜಾಸ್ತಿ ಅಂತರ ಬಂದಿದೆ. ನಮ್ಮ ಹೊಸ ವರ್ಷದ ಹಬ್ಬ ಬಿಸುವಿನ ಕಥೆಯೂ ಅದೇ. ಹೆಸರು ವಿಷುವದ್ದು, ಬರುವುದು ಏಪ್ರಿಲ್ ನಡುವಿಗೆ. ಹಗಲು ರಾತ್ರಿ ಸಮ ಆಗುವ ದಿನ ಮಾತ್ರ ಮಾರ್ಚ್ 21 ಮತ್ತು ಸೆಪ್ಟೆಂಬರ್ 23. ಇದನ್ನು ಅಜ್ಜಿ ಮತ್ತು ಮೊಮ್ಮಗಳು ಒಟ್ಟಿಗೆ ಕೂತು ಮಾತಾಡಲಿ. ಅಜ್ಜಿ ತಪ್ಪು ಎಂದು ಹೇಳಬೇಡಿ. ಎರಡು ಕ್ಯಾಲೆಂಡರ್ ಇವೆ, ಪರೀಕ್ಷೆಗೆ ಇದು, ಹಬ್ಬಕ್ಕೆ ಅದು ಎಂದರೆ ಸಾಕು.

ಹಾಗಾದರೆ ಮಾಡುವುದೇನು? ಒಂದು 100 ಪುಟದ ನೋಟ್‌ಬುಕ್ ತನ್ನಿ. ಪ್ರತಿ ಪುಟಕ್ಕೆ ನಾಲ್ಕು ಕಾಲಂ ಎಳೆಯಲಿ. ಮೊದಲನೆಯದು ಪಾಠಪುಸ್ತಕದ ಕನ್ನಡ ಪದ. ಎರಡನೆಯದು ಮಾಷ್ಟ್ರು ಹೇಳುವ ಮಲಯಾಳಂ ಪದ, ಕನ್ನಡ ಲಿಪಿಯಲ್ಲೇ. ಮೂರನೆಯದು ಟ್ಯೂಶನ್ನಿನ ಇಂಗ್ಲಿಷ್ ಪದ. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಅದನ್ನು ನೀವು ಮನೆಯಲ್ಲಿ ಏನು ಕರೆಯುತ್ತೀರಿ, ಅಥವಾ ಊರಲ್ಲಿ ಎಲ್ಲಿ ನೋಡಬಹುದು.

ಒಂದು ಸಾಲು ನಾನೇ ತುಂಬಿಸಿ ಕೊಡುತ್ತೇನೆ. ಕನ್ನಡದಲ್ಲಿ ಜಂಬಿಟ್ಟಿಗೆ, ಮಲಯಾಳಂನಲ್ಲಿ ವೆಟ್ಟುಕಲ್ಲ್, ಇಂಗ್ಲಿಷಿನಲ್ಲಿ ಲ್ಯಾಟರೈಟ್, ನಮ್ಮಲ್ಲಿ ಮುರಕಲ್ಲು. ನಿಮ್ಮ ಮನೆಯ ಗೋಡೆ ಬಹುಶಃ ಅದರದ್ದೇ. ಜಂಬಿಟ್ಟಿಗೆ ಮಣ್ಣು ಹೇಗೆ ಆಗುತ್ತದೆ ಎಂದು ಬಾಯಿಪಾಠ ಮಾಡುವ ಮೊದಲು ಆ ಗೋಡೆಯನ್ನು ಮುಟ್ಟಿ ನೋಡಲಿ. ತೂತು ತೂತು ಇದೆ, ಬಣ್ಣ ಕೆಂಪು. ಜೋರು ಮಳೆ, ಆಮೇಲೆ ಜೋರು ಬಿಸಿಲು, ಇದು ಸಾವಿರಾರು ವರ್ಷ ನಡೆದರೆ ಮಣ್ಣಿನಲ್ಲಿರುವ ಸಿಲಿಕಾ ಮುಂತಾದವು ನೀರಿನ ಜೊತೆ ತೊಳೆದುಹೋಗುತ್ತವೆ. ಕಬ್ಬಿಣ ಮತ್ತು ಅಲ್ಯುಮಿನಿಯಂ ಆಕ್ಸೈಡ್ ಉಳಿಯುತ್ತದೆ. ಕೆಂಪು ಬಂದದ್ದು ಆ ಕಬ್ಬಿಣದಿಂದ. ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟವರು ಫ್ರಾನ್ಸಿಸ್ ಬುಕಾನನ್. ಮಲಪ್ಪುರಂ ಜಿಲ್ಲೆಯ ಅಂಗಾಡಿಪುರದಲ್ಲಿ ಜನ ಇದನ್ನು ಕಡಿದು ಮನೆ ಕಟ್ಟುವುದನ್ನು ನೋಡಿದರು, 1807ರ ಪುಸ್ತಕದಲ್ಲಿ ಬರೆದರು. ಲ್ಯಾಟಿನ್ನಿನಲ್ಲಿ 'ಲೇಟರ್' ಅಂದರೆ ಇಟ್ಟಿಗೆ. ಜಂಬಿಟ್ಟಿಗೆಯಲ್ಲೂ ಇಟ್ಟಿಗೆ ಇದೆ ನೋಡಿ. ನಿಮ್ಮ ಕಡೆಯ ಗುಡ್ಡಗಳಲ್ಲಿ ಸುರಂಗ ಕೊರೆದು ನೀರು ತರುತ್ತಾರಲ್ಲ, ಅದು ಸಾಧ್ಯ ಆದದ್ದೂ ಈ ಮುರಕಲ್ಲಿನಲ್ಲಿ ನೀರು ಜಿನುಗುವುದರಿಂದ. ಇಷ್ಟು ಒಮ್ಮೆ ಮನಸ್ಸಿಗೆ ಹೋದರೆ ಆ ಪ್ರಶ್ನೆಗೆ ರಾತ್ರಿ ಹನ್ನೊಂದರವರೆಗೆ ಕೂರುವ ಅಗತ್ಯ ಇಲ್ಲ.

ಇನ್ನೂ ಕೆಲವು ಜೋಡಿ ಅವಳ ಪೇಪರಿನಲ್ಲೇ ಸಿಕ್ಕಿದವು. ಪ್ರಸ್ಥಭೂಮಿಗೆ ಮಲಯಾಳಂನಲ್ಲಿ ಪೀಠಭೂಮಿ. ಮೆಕ್ಕಲು ಮಣ್ಣಿಗೆ ಎಕ್ಕಲ್ ಮಣ್ಣ್. ಮುಂಗಾರಿಗೆ ಕಾಲವರ್ಷ, ಹಿಂಗಾರಿಗೆ ತುಲಾವರ್ಷ. ಅವಳು ಒಂದೇ ಉತ್ತರದಲ್ಲಿ ಮೇಲೆ 'ಪೀಠಭೂಮಿ', ಕೆಳಗೆ 'ಪ್ರಸ್ಥಭೂಮಿ' ಬರೆದಿದ್ದಾಳೆ, ಎರಡು ಬೇರೆ ವಸ್ತು ಎಂದುಕೊಂಡ ಹಾಗಿದೆ. ಬೆಳೆಗಳ ವಿಷಯದಲ್ಲಿ ಖಾರಿಫ್, ರಬಿ, ಜೈದ್ ಎಂಬ ಹೆಸರು ನೆನಪಿಡಲು ಕಷ್ಟ ಆದರೆ ಅಜ್ಜಿಯನ್ನು ಕೇಳಲಿ. ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ ಇದ್ದವು. ತಿಂಗಳು ಪೂರ್ತಿ ತಾಳೆಯಾಗುವುದಿಲ್ಲ. ಮಳೆಯಲ್ಲಿ ಬಿತ್ತುವುದು, ಮಳೆ ಹೋದ ಮೇಲೆ ಬಿತ್ತುವುದು, ಬೇಸಿಗೆಯದ್ದು ಎಂಬ ಕ್ರಮ ಮಾತ್ರ ಅದೇ.

ಮಲಯಾಳಂ ಕಾಲಂ ತುಂಬಿಸಲು ಆ ಮಾಷ್ಟ್ರನ್ನೇ ಕೇಳಲಿ. ಅವರಿಗೂ ಕನ್ನಡ ಪದ ಬೇಕಾಗಿರುತ್ತದೆ. ಕನ್ನಡ ಮಾಧ್ಯಮಕ್ಕೆ ಕನ್ನಡ ಬಲ್ಲವರನ್ನೇ ಹಾಕಬೇಕು ಎಂಬುದು ನಮ್ಮ ಜಿಲ್ಲೆಯ ಹಳೆಯ ಬೇಡಿಕೆ, ನ್ಯಾಯವಾದದ್ದೇ. ಅದರ ಹೋರಾಟ ದೊಡ್ಡವರು ಮಾಡಲಿ. ಮಾರ್ಚ್ ಒಳಗೆ ಅದು ಮುಗಿಯುವುದಿಲ್ಲ. ಅಲ್ಲಿಯವರೆಗೆ ಈ ನೋಟ್‌ಬುಕ್ ಇರಲಿ.

ಇಂಗ್ಲಿಷಿನಲ್ಲಿ ಬರೆದರೆ ಮಾರ್ಕ್ ಜಾಸ್ತಿ ಎಂಬುದು ಸುಳ್ಳು. ನಾನು ಮೌಲ್ಯಮಾಪನಕ್ಕೆ ಕೂತಾಗೆಲ್ಲ ಭಾಷೆಗೆ ಮಾರ್ಕ್ ಕೊಟ್ಟದ್ದಿಲ್ಲ, ಅಂಶಕ್ಕೆ ಕೊಟ್ಟದ್ದು. ಕನ್ನಡದಲ್ಲಿ ಹತ್ತು ವರ್ಷ ಓದಿದ ಹುಡುಗಿ ಎರಡು ತಿಂಗಳಲ್ಲಿ ಇಂಗ್ಲಿಷಿಗೆ ಹಾರಿದರೆ ಅಂಶವೂ ಹೋಗುತ್ತದೆ, ಸಮಯವೂ ಹೋಗುತ್ತದೆ. ಒಂದು ಮಾತು ಮಾತ್ರ ನಿಜ. ಹನ್ನೊಂದನೆಯ ತರಗತಿಗೆ, ಅಂದರೆ ಪ್ಲಸ್ ವನ್‌ಗೆ ಹೋದರೆ ಇಂಗ್ಲಿಷಿನಲ್ಲೇ ಓದಬೇಕಾಗುತ್ತದೆ. ಆಗ ಮೂರನೆಯ ಕಾಲಂ ಉಪಯೋಗಕ್ಕೆ ಬರುತ್ತದೆ. ಈಗ ಕನ್ನಡದಲ್ಲೇ ಬರೆಯಲಿ. ಕನ್ನಡ ಪದ ಹೊಳೆಯದಿದ್ದರೆ ಇಂಗ್ಲಿಷ್ ಪದವನ್ನೇ ಕನ್ನಡ ಅಕ್ಷರದಲ್ಲಿ ಬರೆಯಲಿ, ಜಾಗ ಖಾಲಿ ಬಿಡುವುದು ಬೇಡ.

ಈಗ ಅವಳು ಖಾಲಿ ಬಿಟ್ಟ ಪ್ರಶ್ನೆಗೆ ಬರೋಣ. ಸಮಯದ ಲೆಕ್ಕ. ಗಣಿತದಲ್ಲಿ ಎ ಇರುವವಳು ಗುಣಾಕಾರ ಒಂದನ್ನು ಬಿಟ್ಟಿದ್ದಾಳೆ! ಅದು ಭೂಗೋಳ ಎಂಬ ಹೆಸರಿಗೆ ಹೆದರಿ ಆದದ್ದು. ಭೂಮಿ 24 ಗಂಟೆಯಲ್ಲಿ 360 ಡಿಗ್ರಿ ತಿರುಗುತ್ತದೆ. ಗಂಟೆಗೆ 15 ಡಿಗ್ರಿ, ಒಂದು ಡಿಗ್ರಿಗೆ 4 ನಿಮಿಷ. ಪೂರ್ವಕ್ಕೆ ಹೋದರೆ ಕೂಡಿಸು, ಪಶ್ಚಿಮಕ್ಕೆ ಹೋದರೆ ಕಳೆ. ಪಾಠದ ಸಾರ ಇಷ್ಟೇ. ನಮ್ಮ ಊರಿನಲ್ಲಿ ದುಬೈಯಲ್ಲಿ ಸಂಬಂಧಿಕರಿಲ್ಲದ ಮನೆ ಕಡಿಮೆ. ಅಲ್ಲಿಯವರಿಗೆ ಫೋನ್ ಮಾಡುವಾಗ ಒಂದೂವರೆ ಗಂಟೆ ಕಳೆಯುತ್ತೀರಲ್ಲ, ಯಾಕೆ? ಭಾರತದ ಗಡಿಯಾರ 82½ ಡಿಗ್ರಿ ಪೂರ್ವ ರೇಖಾಂಶದ್ದು. ಅಲ್ಲಿಯ ಗಡಿಯಾರ 60 ಡಿಗ್ರಿಯದ್ದು. ವ್ಯತ್ಯಾಸ 22½ ಡಿಗ್ರಿ. ನಾಲ್ಕರಿಂದ ಗುಣಿಸಿ. 90 ನಿಮಿಷ.

ಅದಕ್ಕಿಂತ ಚೆಂದದ ಲೆಕ್ಕ ನಿಮ್ಮ ಅಂಗಳದಲ್ಲೇ ಇದೆ. ಕಾಸರಗೋಡು ಹೆಚ್ಚು ಕಡಿಮೆ 75 ಡಿಗ್ರಿ ಪೂರ್ವ ರೇಖಾಂಶದ ಮೇಲೆ ಇದೆ. 82½ರಿಂದ 75 ಕಳೆದರೆ 7½. ನಾಲ್ಕರಿಂದ ಗುಣಿಸಿದರೆ 30 ನಿಮಿಷ. ಅಂದರೆ ನಮ್ಮ ಗಡಿಯಾರ ಹನ್ನೆರಡು ಹೊಡೆದಾಗ ನಮ್ಮ ಸೂರ್ಯನಿಗೆ ಇನ್ನೂ ಹನ್ನೊಂದೂವರೆ. ಭಾನುವಾರ ಒಂದು ಕೋಲನ್ನು ಅಂಗಳದಲ್ಲಿ ನೆಟ್ಟಗೆ ಊರಿ, ನೆರಳಿನ ತುದಿಗೆ ಗುರುತು ಹಾಕುತ್ತಾ ಹೋಗಲಿ. ಈ ತಿಂಗಳುಗಳಲ್ಲಿ ಹನ್ನೆರಡೂವರೆಗೂ ಹನ್ನೆರಡೂ ಮುಕ್ಕಾಲಿಗೂ ನಡುವೆ ನೆರಳು ಎಲ್ಲಕ್ಕಿಂತ ಗಿಡ್ಡ ಆಗುತ್ತದೆ. ಆ ನೆರಳು ತೋರಿಸುವುದು ನೇರ ಉತ್ತರ ದಿಕ್ಕು. ಪ್ರತಿ ಭಾನುವಾರ ಅಳೆದರೆ ಮಾರ್ಚ್ ಬರುವಷ್ಟರಲ್ಲಿ ಮಧ್ಯಾಹ್ನದ ನೆರಳು ಗಿಡ್ಡ ಆಗುತ್ತಾ ಬಂದಿರುತ್ತದೆ. ಅದೇ ಉತ್ತರಾಯಣ. ಏಪ್ರಿಲ್ ಕೊನೆಯ ವಾರದ ಹೊತ್ತಿಗೆ ಸೂರ್ಯ ನಮ್ಮ ನೆತ್ತಿಯ ಮೇಲೆಯೇ ಬರುತ್ತಾನೆ, ಕೋಲಿಗೆ ನೆರಳೇ ಇರುವುದಿಲ್ಲ. ಅಷ್ಟರಲ್ಲಿ ಪರೀಕ್ಷೆ ಮುಗಿದಿರುತ್ತದೆ, ಸುಮ್ನೆ ಖುಷಿಗೆ ನೋಡಲಿ.

ಟೋಪೋಶೀಟ್, ಅಂದರೆ ನೆಲದ ಏರಿಳಿತ, ಹೊಳೆ, ರಸ್ತೆ ಎಲ್ಲ ತೋರಿಸುವ ವಿವರವಾದ ನಕ್ಷೆಯ ಪ್ರಶ್ನೆಯಲ್ಲಿ ಅವಳು ಮಾಡಿದ್ದು ಒಂದೇ ತಪ್ಪು, ಅದಕ್ಕೆ ಪೂರ್ತಿ ಮಾರ್ಕ್ ಹೋಗಿದೆ. ನಕ್ಷೆಯಲ್ಲಿ ಜಾಗ ಗುರುತಿಸುವ ಆರಂಕಿಯ ಗ್ರಿಡ್ ಸಂಖ್ಯೆಯಲ್ಲಿ ನಾರ್ತಿಂಗ್ಸ್, ಅಂದರೆ ಉತ್ತರಕ್ಕೆ ಏರುವ ಅಂಕಿ, ಮೊದಲು ಬರೆದಿದ್ದಾಳೆ. ಯಾವಾಗಲೂ ಈಸ್ಟಿಂಗ್ಸ್, ಅಂದರೆ ಪೂರ್ವಕ್ಕೆ ಏರುವ ಅಂಕಿ, ಮೊದಲು. ನಾನು ಮಕ್ಕಳಿಗೆ ಹೇಳುತ್ತಿದ್ದದ್ದು, ಮೊದಲು ಅಂಗಳದಲ್ಲಿ ನಡೆಯಬೇಕು, ಆಮೇಲೆ ಅಟ್ಟ ಹತ್ತಬೇಕು. ಎಡದಿಂದ ಬಲಕ್ಕೆ ಹೋಗುವುದು ನಡೆಯುವುದು, ಕೆಳಗಿನಿಂದ ಮೇಲಕ್ಕೆ ಹೋಗುವುದು ಅಟ್ಟ. ನಾಲ್ಕಂಕಿ ಕೇಳಿದರೆ ಚೌಕದ ಎಡ ಕೆಳಮೂಲೆ. ಆರಂಕಿ ಕೇಳಿದರೆ ಚೌಕವನ್ನು ಮನಸ್ಸಿನಲ್ಲೇ ಹತ್ತು ಪಾಲು ಮಾಡಿ ಮೂರನೆಯ ಅಂಕಿ ಹುಡುಕುವುದು.

ನಕ್ಷೆಯಲ್ಲಿ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಸಮೋನ್ನತ ರೇಖೆ ಅರ್ಥ ಆಗುವುದಿಲ್ಲ ಎಂದು ತುಂಬ ಮಕ್ಕಳು ಹೇಳುತ್ತಾರೆ. ಪುಸ್ತಕದ ಚಿತ್ರ ನೋಡಿ ನನಗೂ ಮೊದಲು ಅರ್ಥ ಆಗಿರಲಿಲ್ಲ. ನಿಮ್ಮ ಹತ್ತಿರದ ಯಾವುದಾದರೂ ರಬ್ಬರ್ ಗುಡ್ಡಕ್ಕೆ ಕರೆದುಕೊಂಡು ಹೋಗಿ. ರಬ್ಬರ್ ನೆಡಲು ಗುಡ್ಡದ ಸುತ್ತ ಅಡ್ಡವಾಗಿ ಕಡಿದ ತಟ್ಟುಗಳಿವೆ. ಒಂದೇ ತಟ್ಟಿನಲ್ಲಿ ನಡೆದರೆ ಹತ್ತುವುದೂ ಇಲ್ಲ, ಇಳಿಯುವುದೂ ಇಲ್ಲ. ಅದೇ ಸಮೋನ್ನತ ರೇಖೆ. ಗುಡ್ಡ ಕಡಿದಾದ ಕಡೆ ತಟ್ಟುಗಳು ಒತ್ತೊತ್ತಾಗಿವೆ, ಇಳಿಜಾರು ಕಡಿಮೆ ಇದ್ದಲ್ಲಿ ದೂರ ದೂರ. ಈಗ ಆ ಗುಡ್ಡವನ್ನು ಹಕ್ಕಿ ಮೇಲಿನಿಂದ ನೋಡಿದರೆ ಹೇಗೆ ಕಾಣುತ್ತದೆ ಎಂದು ಚಿತ್ರ ಬರೆಯಲಿ. 1:50,000 ಪ್ರಮಾಣದ ಟೋಪೋಶೀಟಿನಲ್ಲಿ ಎರಡು ಸೆಂಟಿಮೀಟರ್ ಅಂದರೆ ಒಂದು ಕಿಲೋಮೀಟರ್. ಆ ಹಾಳೆಗಳಲ್ಲಿ ಎರಡು ರೇಖೆಗಳ ನಡುವೆ ಸಾಮಾನ್ಯವಾಗಿ 20 ಮೀಟರ್ ಎತ್ತರದ ಅಂತರ. ಕಂದು ಬಣ್ಣ ಎತ್ತರಕ್ಕೆ, ನೀಲಿ ನೀರಿಗೆ, ಹಸಿರು ಕಾಡಿಗೆ, ಹಳದಿ ಕೃಷಿಗೆ, ಕೆಂಪು ಮನೆ ಮತ್ತು ರಸ್ತೆಗೆ. ಬದಿಯಡ್ಕ, ಪೆರ್ಲ ಕಡೆ ಬರುವುದು 48ಪಿ ಎಂಬ ಹಾಳೆಗೆ, ಅಂದರೆ ಅಕ್ಷಾಂಶ 12ರಿಂದ 13, ರೇಖಾಂಶ 75ರಿಂದ 76. ಶಾಲೆಯಲ್ಲಿ ಹಳೆಯದ್ದೊಂದು ಇದ್ದರೆ ಕೇಳಿ ನೋಡಿ. ತನ್ನ ಊರಿನ ಹೆಸರು ಅದರಲ್ಲಿ ಕಂಡರೆ ಮಗು ಉಳಿದ ಹಾಳೆಯನ್ನೂ ಓದುತ್ತದೆ.

ಈಗ ನಕ್ಷೆ. 'ಇಷ್ಟೇ ಕಲಿತರೆ ಸಾಕು' ಎಂಬ ಪಟ್ಟಿ ಅಂಗಡಿಯಲ್ಲಿ ಸಿಗುತ್ತದೆ. ನಾನು ಅದನ್ನು ನಂಬುವುದಿಲ್ಲ. ಪಟ್ಟಿಯ ಹೊರಗಿನದ್ದು ಒಂದು ಬಂದರೆ ಮಗುವಿನ ಧೈರ್ಯ ಅಲ್ಲೇ ಕುಸಿಯುತ್ತದೆ. ಪುಸ್ತಕದ ಪಾಠದಲ್ಲಿ ಹೆಸರಿರುವ ಬೆಟ್ಟ, ನದಿ, ಬಂದರು, ಬಯಲು ಇಷ್ಟೂ ಅವಳ ಪಟ್ಟಿ. ಅದನ್ನು ಅವಳೇ ಮಾಡಲಿ.

ನಿಮ್ಮ ಮಗಳ ನಕ್ಷೆಯಲ್ಲಿ ನರ್ಮದೆ ಮತ್ತು ತಾಪಿ ಅದಲು ಬದಲು ಆಗಿವೆ. ಗೋದಾವರಿ ಸಮುದ್ರದಿಂದ ಶುರುವಾಗಿ ಎಲ್ಲೋ ಗಾಳಿಯಲ್ಲಿ ನಿಂತಿದೆ. ಅವಳು ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ಕಲಿತಿದ್ದಾಳೆ, ಅದರಿಂದ ಹೀಗಾಗಿದೆ. ಮೊದಲು ಎರಡು ಗೆರೆ ಹಾಕಲಿ. ಗುಜರಾತಿನಿಂದ ಮಿಜೋರಾಂವರೆಗೆ ಅಡ್ಡ ಹೋಗುವ 23½ ಡಿಗ್ರಿಯ ಕರ್ಕಾಟಕ ಸಂಕ್ರಾಂತಿ ವೃತ್ತ ಒಂದು. ಚೆನ್ನೈ, ಬೆಂಗಳೂರು, ಮಂಗಳೂರು ಹೆಚ್ಚು ಕಡಿಮೆ 13 ಡಿಗ್ರಿಯ ಒಂದೇ ಸಾಲಿನಲ್ಲಿವೆ, ಅದು ಇನ್ನೊಂದು. ಆ ಸಾಲಿನ ಪಶ್ಚಿಮ ತುದಿಗಿಂತ ಒಂದು ಕೂದಲಿನಷ್ಟು ಕೆಳಗೆ ಕಾಸರಗೋಡು. ಈ ಎರಡು ಗೆರೆ ಪೆನ್ಸಿಲಿನಲ್ಲಿ ತೆಳ್ಳಗೆ ಇದ್ದರೆ ಉಳಿದದ್ದಕ್ಕೆಲ್ಲ ಹಿಡಿತ ಸಿಗುತ್ತದೆ. ಮೇಲಿನ ಗೆರೆಯ ಸ್ವಲ್ಪ ಕೆಳಗೆ ಪಶ್ಚಿಮಕ್ಕೆ ಹರಿಯುವುದು ನರ್ಮದೆ. ಅದರ ಕೆಳಗೆ, ಹೆಚ್ಚು ಕಡಿಮೆ ಅದಕ್ಕೆ ಸಮಾನಾಂತರವಾಗಿ ತಾಪಿ. ಎರಡರ ನಡುವೆ ಸಾತ್ಪುರ, ನರ್ಮದೆಯ ಮೇಲೆ ವಿಂಧ್ಯ. ವಿಂಧ್ಯ, ನರ್ಮದೆ, ಸಾತ್ಪುರ, ತಾಪಿ. ಬೆಟ್ಟ, ನೀರು, ಬೆಟ್ಟ, ನೀರು. ಈ ಕ್ರಮ ಬಾಯಿಯಲ್ಲಿ ಇದ್ದರೆ ಅದಲು ಬದಲು ಆಗುವುದಿಲ್ಲ.

ಪೂರ್ವಕ್ಕೆ ಹರಿಯುವ ನಾಲ್ಕು ದೊಡ್ಡವು ಮೇಲಿನಿಂದ ಕೆಳಗೆ ಮಹಾನದಿ, ಗೋದಾವರಿ, ಕೃಷ್ಣಾ, ಕಾವೇರಿ. ನದಿಯನ್ನು ಯಾವಾಗಲೂ ಹುಟ್ಟಿದ ಜಾಗದಿಂದ ಎಳೆಯಲಿ, ಸಮುದ್ರದಿಂದ ಅಲ್ಲ. ಗೋದಾವರಿ ನಾಸಿಕದ ತ್ರ್ಯಂಬಕೇಶ್ವರದ ಹತ್ತಿರ, ಕೃಷ್ಣೆ ಮಹಾಬಲೇಶ್ವರದಲ್ಲಿ, ಕಾವೇರಿ ತಲಕಾವೇರಿಯಲ್ಲಿ. ಮೂರೂ ಪಶ್ಚಿಮ ಘಟ್ಟದ ಬೆನ್ನಿನ ಮೇಲೆ, ಅರಬ್ಬೀ ಸಮುದ್ರ ಹತ್ತಿರವೇ ಇದೆ. ಆದರೂ ಅಷ್ಟು ದೂರದ ಬಂಗಾಳ ಕೊಲ್ಲಿಗೆ ಹೋಗುತ್ತವೆ. ಪ್ರಸ್ಥಭೂಮಿ ಪೂರ್ವಕ್ಕೆ ವಾಲಿಕೊಂಡಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ನಿಮ್ಮ ಚಂದ್ರಗಿರಿ ಹೊಳೆಯೂ ಕೊಡಗಿನ ಬೆಟ್ಟದಲ್ಲೇ ಹುಟ್ಟುತ್ತದೆ. ಅದು ಬೆಟ್ಟದ ಈಚೆ ಬದಿಗೆ ಬಿದ್ದದ್ದರಿಂದ 105 ಕಿಲೋಮೀಟರಿನಲ್ಲಿ ಕಡಲು ಸೇರುತ್ತದೆ. ಕಾವೇರಿ ಆಚೆ ಬದಿಗೆ ಬಿದ್ದದ್ದರಿಂದ ತಮಿಳುನಾಡು ದಾಟಬೇಕು. ಕೇರಳದ 44 ನದಿಗಳಲ್ಲಿ 41 ಪಶ್ಚಿಮಕ್ಕೆ, ಮೂರೇ ಮೂರು ಪೂರ್ವಕ್ಕೆ. ಕಬನಿ, ಭವಾನಿ, ಪಾಂಬಾರ್. ಯಾಕೆ ಎಂದು ಈಗ ಅವಳೇ ಹೇಳಬಲ್ಲಳು.

ದಿನಕ್ಕೆ ಒಂದು ಖಾಲಿ ನಕ್ಷೆ, ಹತ್ತು ನಿಮಿಷ. ನೋಡದೆ ಗುರುತಿಸಲಿ, ಆಮೇಲೆ ಅಟ್ಲಾಸ್ ತೆರೆದು ಕೆಂಪು ಪೆನ್ನಿನಲ್ಲಿ ತಾನೇ ತಿದ್ದಲಿ. ಬಣ್ಣ ತುಂಬುವುದು ಬೇಡ. ಕೆಲವು ಮಕ್ಕಳು ಸಮುದ್ರಕ್ಕೆ ನೀಲಿ ಬಳಿದು ಅರ್ಧ ಗಂಟೆ ಕಳೆಯುತ್ತಾರೆ, ಅದಕ್ಕೆ ಯಾರೂ ಮಾರ್ಕ್ ಕೊಡುವುದಿಲ್ಲ. ಬಂದರಿಗೆ ಚುಕ್ಕೆ ಹಾಕಿ ಹೆಸರು ಬರೆದರೆ ಸಾಕು. ಪಶ್ಚಿಮದಲ್ಲಿ ಮೇಲಿನಿಂದ ಕೆಳಗೆ ಕಾಂಡ್ಲಾ, ಮುಂಬೈ, ಮರ್ಮಗೋವಾ, ಮಂಗಳೂರು, ಕೊಚ್ಚಿ, ಪೂರ್ವದಲ್ಲಿ ಕೆಳಗಿನಿಂದ ಮೇಲೆ ತೂತ್ತುಕುಡಿ, ಚೆನ್ನೈ, ವಿಶಾಖಪಟ್ಟಣ, ಪಾರಾದೀಪ್, ಕೋಲ್ಕತ್ತಾ ಎಂದು ಕಡಲ ದಂಡೆಯಲ್ಲಿ ಒಂದು ಸುತ್ತು ಹಾಕಿದರಾಯಿತು.

ಉದ್ದ ಉತ್ತರದ ಬಗ್ಗೆ ಒಂದು ಮಾತು. ಮುಂಗಾರಿನ ಬಗ್ಗೆ ಒಂದೂವರೆ ಪುಟ ಬರೆದಿದ್ದಾಳೆ. ರೈತರ ಸಂತೋಷ ಇದೆ, ಹೊಳೆ ತುಂಬಿ ಹರಿಯುವುದಿದೆ, ಬರಹ ಚೆನ್ನಾಗಿದೆ. ಗಾಳಿ ಯಾಕೆ ನೈಋತ್ಯದಿಂದ ಬರುತ್ತದೆ ಎಂಬುದು ಮಾತ್ರ ಇಲ್ಲ. ಪೇಪರ್ ನೋಡುವವರು ಹುಡುಕುವುದು ಅದನ್ನೇ. ಬೇಸಿಗೆಯಲ್ಲಿ ಸೂರ್ಯ ಉತ್ತರಕ್ಕೆ ಬಂದಾಗ ಭಾರತದ ನೆಲ ಕಾಯುತ್ತದೆ, ಅಲ್ಲಿ ಒತ್ತಡ ಕಡಿಮೆ ಆಗುತ್ತದೆ. ದಕ್ಷಿಣದ ಸಮುದ್ರದ ಮೇಲೆ ಒತ್ತಡ ಜಾಸ್ತಿ. ಅಲ್ಲಿಂದ ಆಗ್ನೇಯ ವಾಣಿಜ್ಯ ಮಾರುತ ಭೂಮಧ್ಯರೇಖೆ ದಾಟಿ ಬರುತ್ತದೆ. ದಾಟಿದ ಮೇಲೆ, ಭೂಮಿ ತಿರುಗುವುದರಿಂದ ಆಗುವ ಕೋರಿಯಾಲಿಸ್ ಬಲದಿಂದ ಬಲಗಡೆಗೆ ತಿರುಗುತ್ತದೆ, ಹಾಗಾಗಿ ನೈಋತ್ಯದಿಂದ ಬಂದ ಹಾಗೆ ಆಗುತ್ತದೆ. ತೇವ ತುಂಬಿದ ಆ ಗಾಳಿ ಪಶ್ಚಿಮ ಘಟ್ಟಕ್ಕೆ ಬಡಿದು ಮೇಲೇರಿ ತಣ್ಣಗಾಗಿ ನಮ್ಮ ಕಡೆ ಸುರಿಯುತ್ತದೆ, ಆಚೆ ಬದಿಗೆ ಕಡಿಮೆ. ಎಂಟು ಸಾಲು. ಪಕ್ಕದಲ್ಲಿ ಬಾಣ ಹಾಕಿದ ಒಂದು ಸಣ್ಣ ಚಿತ್ರ. ಒಂದೂವರೆ ಪುಟಕ್ಕಿಂತ ಇದು ಜಾಸ್ತಿ ಗಳಿಸುತ್ತದೆ.

ಪುತ್ತೂರಿನ ಪ್ಯಾಕೇಜ್ ವಿಷಯ. ಕರ್ನಾಟಕದ ಹತ್ತನೆಯ ತರಗತಿಯ ಭೂಗೋಳ ಭಾರತದ ಮೇಲೆಯೇ ನಿಂತಿದೆ. ನದಿ, ಮಣ್ಣು, ಬೆಳೆ, ಬಂದರು ಅದರಲ್ಲಿ ಚೊಕ್ಕ ಕನ್ನಡದಲ್ಲಿ ಇರುತ್ತದೆ. ಅರ್ಥ ಆಗದ ಭಾಗಕ್ಕೆ ತೆರೆದು ನೋಡಬಹುದು. ಅದನ್ನೇ ನಂಬಿ ಕೂತರೆ ಅಪಾಯ. ಪಾಠ ಬೇರೆ, ಪ್ರಶ್ನೆ ಕೇಳುವ ಕ್ರಮ ಬೇರೆ, ಕೆಲವು ಪದವೂ ಬೇರೆ. ಅದಕ್ಕಿಂತ ದೊಡ್ಡ ಅಪಾಯ ಮನೆಯಲ್ಲೇ ಇರಬಹುದು. ಕೇರಳದಲ್ಲಿ ಹತ್ತನೆಯ ತರಗತಿಯ ಪುಸ್ತಕ 2025ರಲ್ಲಿ ಹೊಸದಾಗಿದೆ. ಅಣ್ಣನದ್ದೋ ಅತ್ತೆಯ ಮಗಳದ್ದೋ ಹಳೆಯ ಗೈಡ್, ಹಳೆಯ ಪ್ರಶ್ನೆಪತ್ರಿಕೆ ಇದ್ದರೆ ಮೊದಲು ಈಗಿನ ಪುಸ್ತಕದ ಪಾಠದ ಪಟ್ಟಿ ಪಕ್ಕದಲ್ಲಿಟ್ಟು ತಾಳೆ ನೋಡಿ. ಕೊರೊನಾ ಕಾಲದ ಆನ್‌ಲೈನ್ ತರಗತಿ 'ಫಸ್ಟ್ ಬೆಲ್'ನ ಕನ್ನಡ ಪಾಠಗಳಿಗೂ ಇದೇ ಮಾತು. ವಿಷಯ ತಿಳಿಯಲು ಒಳ್ಳೆಯದು, ಆದರೆ ಅವು ಹಳೆಯ ಪುಸ್ತಕದ್ದು.

ನಿಮ್ಮ ಮನೆಯವರ ಸಲಹೆ ಲೆಕ್ಕಕ್ಕೆ ನಿಲ್ಲುವುದಿಲ್ಲ. ಬರವಣಿಗೆಗೆ 80, ವರ್ಷವಿಡೀ ಶಾಲೆಯಲ್ಲೇ ಮಾಡುವ ಮೌಲ್ಯಮಾಪನಕ್ಕೆ (ಸಿಇ) 20. ಸಮಾಜ ವಿಜ್ಞಾನದ ಎರಡನೆಯ ಪುಸ್ತಕದಲ್ಲಿ ಭೂಗೋಳದ ಪಾಲು ದೊಡ್ಡದು. ಅದನ್ನು ಬಿಟ್ಟರೆ ಉಳಿದದ್ದನ್ನು ಪೂರ್ತಿ ಸರಿ ಬರೆದರೂ ಎ ಗ್ರೇಡಿಗೆ ಬೇಕಾದ 80 ಮುಟ್ಟುವುದು ಕಷ್ಟ. ಇನ್ನೂ ಒಂದು ಇದೆ. ಇತಿಹಾಸದ ಉತ್ತರದಲ್ಲಿ ಒಂದು ಮಾರ್ಕ್ ಅಲ್ಲಿ ಇಲ್ಲಿ ಹೋಗುತ್ತದೆ. ನಕ್ಷೆಯಲ್ಲಿ, ಸಮಯದ ಲೆಕ್ಕದಲ್ಲಿ, ಗ್ರಿಡ್ ಸಂಖ್ಯೆಯಲ್ಲಿ ಸರಿ ಇದ್ದರೆ ಪೂರ್ತಿ ಕೊಡಲೇಬೇಕು. ಲೆಕ್ಕ ಬಲ್ಲ ಹುಡುಗಿಗೆ ಇದು ಸುಲಭದ ಜಾಗ. ಇದನ್ನು ಅವರಿಗೆ ಸಮಾಧಾನವಾಗಿ ಹೇಳಿ, ಮಗಳ ಎದುರು ಮಾತ್ರ ಬೇಡ.

ಪರೀಕ್ಷೆಯ ದಿನ ಮೊದಲ 15 ನಿಮಿಷ ಕೂಲ್ ಆಫ್ ಟೈಮ್ ಇರುತ್ತದೆ. ಆಗ ಬರೆಯಲಿಕ್ಕಿಲ್ಲ, ಓದಬಹುದು. ಹೆಚ್ಚಿನ ಮಕ್ಕಳು ಆ ಹೊತ್ತಿನಲ್ಲಿ ಗೊತ್ತಿಲ್ಲದ ಪ್ರಶ್ನೆ ಹುಡುಕಿ ಹೆದರುತ್ತಾರೆ. ನಿಮ್ಮ ಮಗಳು ನಕ್ಷೆಯ ಪ್ರಶ್ನೆ ಓದಿ ಮನಸ್ಸಿನಲ್ಲೇ ಆ ಎರಡು ಗೆರೆ ಎಳೆದುಕೊಳ್ಳಲಿ, ಸಮಯದ ಲೆಕ್ಕದಲ್ಲಿ ಕೂಡಿಸುವುದೋ ಕಳೆಯುವುದೋ ನಿರ್ಧರಿಸಲಿ. ಬೆಲ್ ಹೊಡೆದ ಮೇಲೆ ಮೊದಲು ಅವನ್ನೇ ಮುಗಿಸಲಿ.

ರಾತ್ರಿ ಹನ್ನೊಂದರ ಓದು ನಿಲ್ಲಿಸಿ. ಒಂಬತ್ತೂವರೆಗೆ ದೀಪ ಆರಲಿ. ಬೆಳಿಗ್ಗೆ ಎದ್ದು ಪುಸ್ತಕ ಮುಚ್ಚಿಟ್ಟು, ನಿನ್ನೆ ಓದಿದ್ದನ್ನು ಅಜ್ಜಿಗೆ ತುಳುವಿನಲ್ಲೋ ನಿಮ್ಮ ಮನೆಮಾತಿನಲ್ಲೋ ಹೇಳಲಿ. ಅಜ್ಜಿಗೆ ಅರ್ಥ ಆದರೆ ಅವಳಿಗೂ ಅರ್ಥ ಆಗಿದೆ ಎಂದು ಲೆಕ್ಕ.

ಫೆಬ್ರವರಿಯಲ್ಲಿ ಮಾಡೆಲ್ ಪರೀಕ್ಷೆಯ ಪೇಪರ್ ಕೈಗೆ ಬಂದ ಮೇಲೆ ಇನ್ನೊಮ್ಮೆ ಫೋಟೋ ಕಳುಹಿಸಿ. ನಕ್ಷೆಯ ಹಾಳೆಯನ್ನು ಬೆಳಕಿನಲ್ಲಿ ಇಟ್ಟು ತೆಗೆಯಿರಿ. ಈ ಸಲ ತಾಪಿ ಯಾವುದು, ನರ್ಮದೆ ಯಾವುದು ಎಂದು ತಿಳಿಯಲು ನನಗೆ ಭೂತಗನ್ನಡಿ ಬೇಕಾಯಿತು.